ಅಕ್ಷರಮಾಲೆಗೇ ಮುಗಿಯಬೇಕೆ ನಮ್ಮ ಕನ್ನಡ?

ನಾಗಪುರದ ಕನ್ನಡಿಗರಾದ ನಾವು ನವೆಂಬರ್ ಬಂತೆಂದರೆ ರಾಜ್ಯೋತ್ಸವಕ್ಕೆ ಸೇರುತ್ತೇವೆ, ಮಕ್ಕಳಿಂದ ನಾಡಗೀತೆ ಹಾಡಿಸಿ ಚಪ್ಪಾಳೆ ತಟ್ಟುತ್ತೇವೆ. ಹಾಡುವ ಮಕ್ಕಳ ಕೈಯಲ್ಲಿರುವ ಹಾಳೆಯನ್ನೊಮ್ಮೆ ಇಣುಕಿ ನೋಡಿ. ಎಷ್ಟೋ ಹಾಳೆಗಳಲ್ಲಿ ಹಾಡು ಕನ್ನಡದ್ದು, ಅಕ್ಷರ ದೇವನಾಗರಿ, ಇಲ್ಲವೆ ರೋಮನ್.

ಹೀಗೇಕೆಂದು ಕೇಳಿದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ: “ಮನೆಯಲ್ಲಿ ಮಾತಾಡುತ್ತಾರಲ್ಲ, ಸಾಲದೆ?” ಸಾಲದು. ಮನೆಮಾತು ತಾನಾಗಿಯೇ ಬರಹದ ಭಾಷೆಯಾಗುವುದಿಲ್ಲ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿ, ಪು.ತಿ.ನ. ಇವರದು ತಮಿಳು. ಕನ್ನಡವನ್ನು ಓದಿ, ಬರೆದು, ಅವರು ಕನ್ನಡದ ದೊಡ್ಡ ಬರಹಗಾರರಾದರು. ಅತ್ತ ಧಾರವಾಡದಲ್ಲಿ ಅಧ್ಯಾಪಕರಾಗಿದ್ದ ಜಿ.ಎ. ಕುಲಕರ್ಣಿಯವರು ಸುತ್ತ ಕನ್ನಡವಿದ್ದರೂ ಮರಾಠಿಯ ಶ್ರೇಷ್ಠ ಕತೆಗಾರರಾದರು. ಕಿವಿಗೆ ಬಿದ್ದ ಮಾತ್ರಕ್ಕೆ ಭಾಷೆ ಕೈಗೆ ಇಳಿಯುವುದಿಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಕಲಿಸುವ ಮನೆಗಳಲ್ಲೂ ಪಾಠ ಅಆಇಈಗೆ, ಹೆಚ್ಚೆಂದರೆ ಕಾಗುಣಿತಕ್ಕೆ ನಿಲ್ಲುತ್ತದೆ. ಎಂಟನೆಯ ತರಗತಿಗೆ ಬಂದೊಡನೆ “ಓದು ಹೆಚ್ಚಾಯಿತು” ಎಂದು ಅದನ್ನೂ ಕೈಬಿಡುತ್ತೇವೆ. ಬಿಡಬಾರದ ವರ್ಷವೇ ಅದು. ಹದಿಮೂರರ ಮಗು ಕಂಡದ್ದನ್ನು ಹೇಳುವುದಷ್ಟೇ ಅಲ್ಲ, ತನಗನಿಸಿದ್ದನ್ನು ಹೇಳತೊಡಗುತ್ತದೆ. ವಾದಿಸುತ್ತದೆ, ನಾಚುತ್ತದೆ, ಮುನಿಯುತ್ತದೆ. ಅದನ್ನೆಲ್ಲ ಯಾವ ಭಾಷೆಯಲ್ಲಿ ಬರೆಯುತ್ತದೋ ಆ ಭಾಷೆ ಅದರದಾಗುತ್ತದೆ. ಕನ್ನಡಕ್ಕೆ ಉಳಿಯುವುದು “ಊಟ ಆಯ್ತಾ?” ಮಾತ್ರ.

ಸರ್ಕಾರ ಮಾಡಲಿ ಎನ್ನುವವರುಂಟು. ಸಂವಿಧಾನದ 350ಎ ವಿಧಿ, 1956ರಲ್ಲಿ ಸೇರಿದ್ದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷಾ ಶಿಕ್ಷಣದ ಮಾತಾಡುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಪ್ರೌಢಶಾಲೆಯ ಬಾಗಿಲಲ್ಲಿ ಆ ಆಸರೆ ಮುಗಿಯಿತು. ಅಲ್ಲಿಂದಾಚೆ ಹೊಣೆ ನಮ್ಮದು. ಪುಸ್ತಕವಿಲ್ಲವೆಂಬ ನೆಪವೂ ನಿಲ್ಲದು. ಸೊಲ್ಲಾಪುರ, ಮುಂಬಯಿಗಳ ಕನ್ನಡ ಶಾಲೆಗಳಿಗಾಗಿ ಪುಣೆಯ ಬಾಲಭಾರತಿ ಸಂಸ್ಥೆಯೇ ಕನ್ನಡ ಪಠ್ಯಪುಸ್ತಕಗಳನ್ನು ಅಚ್ಚುಮಾಡುತ್ತದೆ. ನಮ್ಮಲ್ಲಿ ಎಷ್ಟು ಮಂದಿ ಅವನ್ನು ತರಿಸಿದ್ದೇವೆ?

ಮಕ್ಕಳಿಗೆ ಮರಾಠಿ, ಹಿಂದಿ, ಇಂಗ್ಲಿಷುಗಳ ಹೊರೆಯೇ ಸಾಕು ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಹೊರೆಯಾಗಿರುವುದು ಭಾಷೆಯಲ್ಲ, ಗೈಡಿನಿಂದ ಉರುಹೊಡೆದು ಒಪ್ಪಿಸುವ ಪ್ರಬಂಧ. ಕನ್ನಡದ ಹೆಸರಿನಲ್ಲಿ ಅಂಥದೇ ಇನ್ನೊಂದನ್ನು ಹೇರಬೇಕಿಲ್ಲ. ಪರೀಕ್ಷೆ ಬೇಡ, ಅಂಕ ಬೇಡ. ನಮ್ಮ ಕಾರಹುಣ್ಣಿಮೆಯಂಥ ಎತ್ತಿನ ಹಬ್ಬ ಇಲ್ಲಿಯ ಪೋಳಾ. ಅದರ ಮರುದಿನ ಹೊರಡುವ ಕಪ್ಪು, ಹಳದಿ ಮಾರಬತ್ ಗೊಂಬೆಗಳ ಮೆರವಣಿಗೆಯನ್ನು ಕುರಿತು ಬರೆಯಲಿ. ಸಂತ್ರಾ ಮಾರುವವರ ಚೌಕಾಸಿ, ಮೇ ತಿಂಗಳ ಬಿಸಿಗಾಳಿಯಲ್ಲಿ ಕೂಲರಿಗೆ ನೀರು ತುಂಬುವ ಪಾಳಿಯ ಜಗಳ ಬರೆಯಲಿ. ಬೆಂಗಳೂರಿನ ಮಗು ಬರೆಯಲಾರದ ಕನ್ನಡ ಇದು. ನಡುವೆ ಮರಾಠಿ ಶಬ್ದ ನುಸುಳಿದರೆ ಕೆಂಪು ಶಾಯಿ ಹಿಡಿದು ಧಾವಿಸಬೇಡಿ.

ಸಂಘದ ಪದಾಧಿಕಾರಿಗಳಲ್ಲಿ ಕೇಳುವುದಿಷ್ಟೆ: ಎಂಟು, ಒಂಬತ್ತನೆಯ ತರಗತಿಯ ಮಕ್ಕಳಿಗೆ ಭಾನುವಾರ ಒಂದು ಗಂಟೆ ಮೀಸಲಿಡಿ. ಅರ್ಧ ಗಂಟೆ ಒಂದು ಕತೆಯನ್ನೋ ಪದ್ಯವನ್ನೋ ಓದಿಸಿ, ಉಳಿದರ್ಧ ಒಂದು ಪುಟ ಬರೆಸಿ. ಒಳ್ಳೆಯದನ್ನು ಈ ಪತ್ರಿಕೆಯಲ್ಲಿ ಅಚ್ಚುಮಾಡಿ. ರಾಜ್ಯೋತ್ಸವದ ಶಾಮಿಯಾನಕ್ಕಾಗುವಷ್ಟು ಖರ್ಚೂ ಇದಕ್ಕಾಗದು. ಮಕ್ಕಳ ಹಾಡಿಗೆ ಚಪ್ಪಾಳೆ ತಟ್ಟಿದ್ದಾಯಿತು. ಇನ್ನು ಅವರ ಬರಹವನ್ನು ಓದುವ ಮನಸ್ಸು ಮಾಡೋಣ.