ಪೀಪಾಯಿ ತೊಳೆದ ನೀರು ಎಲ್ಲಿಗೆ?

ಮಳೆಗಾಲದ ಮುಂಚೆ ವಯನಾಡು, ಗೂಡಲೂರು ಕಡೆಯ ಕಾಫಿ ತೋಟಗಳಲ್ಲಿ, ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಮೈಲುತುತ್ತ ಸುಣ್ಣ ಕಲಸುವ ಕೆಲಸ ನಡೆಯುತ್ತದೆ. ಔಷಧಿ ಹೊಡೆಯುವವರ ಕೂಲಿಯ ಮಾತನ್ನು ಸಂಘದಲ್ಲಿ ಎಷ್ಟೋ ಸಲ ಎತ್ತಿದ್ದೇವೆ. ಪೀಪಾಯಿ ತೊಳೆದ ನೀರಿನ ಮಾತೂ ಅದರೊಡನೆ ಸೇರಬೇಕೆಂಬುದು ನಮ್ಮ ಅಭಿಪ್ರಾಯ.

ಮೈಲುತುತ್ತವೆಂದರೆ ತಾಮ್ರದ ಉಪ್ಪು. ಒಂದು ಕಿಲೋದಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ಅಡಿಕೆಗೆ ಶೇಕಡಾ 1ರ ಬೋರ್ಡೋ ದ್ರಾವಣ ಮಾಡುವಾಗ 200 ಲೀಟರಿನ ಪೀಪಾಯಿಗೆ 2 ಕಿಲೋ ಬೀಳುತ್ತದೆ. ಅಂದರೆ ಅರ್ಧ ಕಿಲೋ ತಾಮ್ರ. ಕಾಫಿಯ ಎಲೆ ತುಕ್ಕಿಗೆ ಇದರ ಅರ್ಧ. ತಾಮ್ರ ಕೊಳೆಯುವ ವಸ್ತುವಲ್ಲ. ಮೇಲ್ಮಣ್ಣಿಗೆ ಅಂಟಿಕೊಂಡು ವರ್ಷದಿಂದ ವರ್ಷಕ್ಕೆ ಕೂಡುತ್ತಲೇ ಹೋಗುತ್ತದೆ. 1885ರಲ್ಲಿ ಈ ದ್ರಾವಣವನ್ನು ಲೋಕಕ್ಕೆ ಕೊಟ್ಟ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲೂ ಹೀಗೇ ಆಯಿತು. ಕಡೆಗೆ 2019ರಿಂದ ಯುರೋಪಿನಲ್ಲಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರ ಮೀರಕೂಡದೆಂದು ಕಟ್ಟು ಮಾಡಿದರು.

ಗಿಡಕ್ಕೆ ಹೊಡೆದದ್ದು ತೋಟವೆಲ್ಲಾ ಹರಡುತ್ತದೆ. ಪೀಪಾಯಿ ತೊಳೆಯುವ ಜಾಗ ಮಾತ್ರ ಪ್ರತಿ ವರ್ಷ ಅದೇ, ನೀರು ಹತ್ತಿರವಿದ್ದಲ್ಲಿ. ತೊಳೆದ ನೀಲಿ ನೀರು ಚರಂಡಿ ಹಿಡಿದು ಕೆಳಗಿನ ತೋಡಿಗೆ ಇಳಿಯುತ್ತದೆ. ಆ ತೋಡಿನ ಅಂಚಿನಲ್ಲೇ ಲೈನಿನ ತಾಯಂದಿರು ಹರಿವೆ, ಬಸಳೆ, ಕೆಸು ಬೆಳೆಸುವುದು. ಬೇಸಗೆಯಲ್ಲಿ ತೋಡಿನ ಕೆಸರನ್ನೇ ಒಳ್ಳೇ ಗೊಬ್ಬರವೆಂದು ಎತ್ತಿ ಬುಡಕ್ಕೆ ಹಾಕುತ್ತೇವೆ!

ಹೆದರಿಸುವುದಕ್ಕೆ ಬರೆಯುತ್ತಿಲ್ಲ. ಜಪಾನಿನ ಜಿಂಜು ನದಿಯ ಬಯಲಿನಲ್ಲಿ ಗಣಿಯ ಹೊಲಸು ನೀರು ಗದ್ದೆಗೆ ಹರಿದು, ಅಕ್ಕಿಯಲ್ಲಿ ಕ್ಯಾಡ್ಮಿಯಂ ಸೇರಿ, ಹೆಂಗಸರ ಎಲುಬು ಮುರಿಯುವ ಕಾಯಿಲೆ ಬಂತು. ಸರಕಾರ ಅದನ್ನು ಒಪ್ಪಿದ್ದು 1968ರಲ್ಲಿ. ತಾಮ್ರ ಅಷ್ಟು ಕ್ರೂರವಲ್ಲ. ಚಿಟಿಕೆಯಷ್ಟು ನಮ್ಮ ದೇಹಕ್ಕೂ ಬೇಕು. ಅತಿಯಾದರೆ ಸಾಮಾನ್ಯವಾಗಿ ಗಿಡವೇ ಮೊದಲು ಸೊರಗುತ್ತದೆ: ಬೇರು ಮೊಂಡಾಗುತ್ತದೆ, ಎಲೆ ಹಳದಿಯಾಗುತ್ತದೆ, ಎರೆಹುಳ ಕಾಣೆಯಾಗುತ್ತದೆ. ನಮ್ಮ ಬೆಟ್ಟದ ಹುಳಿ ಮಣ್ಣಿನಲ್ಲಿ ಈ ಕಾಟ ಹೆಚ್ಚು. ಪಾತಿ ಬರಡಾದರೆ ಸೊಪ್ಪನ್ನೂ ಸಂತೆಯಲ್ಲಿ ದುಡ್ಡು ಕೊಟ್ಟು ತರಬೇಕು. ಇದೂ ಕೂಲಿ ಕಡಿತವೇ ಅಲ್ಲವೇ?

ಹಾಗೆಂದು ಮೈಲುತುತ್ತ ನಿಲ್ಲಿಸಿರೆಂದು ನಾವು ಹೇಳುವುದಿಲ್ಲ. 1869ರಲ್ಲಿ ಕಾಣಿಸಿಕೊಂಡ ತುಕ್ಕು ರೋಗ ಸಿಲೋನಿನ ಕಾಫಿಯನ್ನೇ ಮುಗಿಸಿತು, ಕೂಲಿಯವರ ಅನ್ನವನ್ನೂ ಕಿತ್ತಿತು. ನಾವು ಕೇಳುವುದು ಇಷ್ಟೇ. ಕಲಸುವ ಜಾಗ ತೋಡಿನಿಂದ ದೂರವಿರಲಿ. ತೊಳೆದ ನೀರನ್ನು ಚೆಲ್ಲದೆ ಮುಂದಿನ ಪೀಪಾಯಿಗೇ ಸುರಿಯಲಿ. ಮಣ್ಣು ಪರೀಕ್ಷೆಯಾಗಲಿ. 2015ರಲ್ಲಿ ಬಂದ ಮಣ್ಣು ಆರೋಗ್ಯ ಕಾರ್ಡಿನ 12 ಪರೀಕ್ಷೆಗಳಲ್ಲಿ ತಾಮ್ರವೂ ಒಂದು. ಆದರೆ ಅಲ್ಲಿ ನೋಡುವುದು ತಾಮ್ರ ಕಡಿಮೆಯಾಯಿತೇ ಎಂದು. ಕಾರ್ಡು ಸಿಗುವುದೂ ಜಮೀನು ಉಳ್ಳವನಿಗೆ. ಆಹಾಬ ಅರಸ ನಾಬೋತನ ಜಾಗವನ್ನು ಕೇಳಿದ್ದು ಕಾಯಿಪಲ್ಯ ಬೆಳೆಸಲಿಕ್ಕೇ. ನಾಬೋತನಿಗಾದರೂ ಅದು ಪಿತ್ರಾರ್ಜಿತ. ನಮ್ಮ ಪಾತಿಗೆ ಪಟ್ಟೆಯೇ ಇಲ್ಲ. ಆದ್ದರಿಂದ ತೊಳೆಯುವ ಜಾಗದ ಮಣ್ಣನ್ನೂ ಪಾತಿಯ ಮಣ್ಣನ್ನೂ ಬೇರೆ ಬೇರೆ ಪರೀಕ್ಷೆಗೆ ಕಳುಹಿಸಿ, ಬಂದ ಅಂಕಿಯನ್ನು ನಮಗೆ ತೋರಿಸಬೇಕು. ಜಾಗ ಎಸ್ಟೇಟಿನದು, ನೀವೇಕೆ ಕೇಳುತ್ತೀರಿ ಎಂದರೆ, ಜಾಗ ಎಸ್ಟೇಟಿನದಾದರೆ ಶುದ್ಧ ಮಾಡುವ ಹೊಣೆಯೂ ಎಸ್ಟೇಟಿನದೇ ಎಂದು ಹೇಳೋಣ.

ಮುಂದಿನ ಸಭೆಗೆ ಬರುವವರು, ನಿಮ್ಮ ತೋಟದಲ್ಲಿ ಪೀಪಾಯಿ ಎಲ್ಲಿ ತೊಳೆಯುತ್ತಾರೆ, ನೀರು ಯಾರ ಪಾತಿಯ ಕಡೆ ಇಳಿಯುತ್ತದೆ ಎಂದು ನೋಡಿಕೊಂಡು ಬನ್ನಿರಿ.