ನೆಂಟರ ಮನೆಗಳ ನಡುವೆ ಒಂದು ದಿನ

ರಜೆ ಬಂತೆಂದರೆ ಅನೇಕ ಮನೆಗಳಲ್ಲಿ ನೆಂಟರಿಷ್ಟರನ್ನು ನೋಡಿಬರುವ ಪ್ರವಾಸ ಏರ್ಪಡುತ್ತದೆ. ಹಿರಿಯರಿಗೆ ಅದು ಬಹುದಿನದ ಆಸೆ. ಮಕ್ಕಳಿಗೋ ಕೂತು ಕೂತು ಸಾಕಾಗುವ ದಿನ. ಒಂದು ಮನೆಯಲ್ಲಿ ಕಾಫಿ, ಇನ್ನೊಂದರಲ್ಲಿ ಊಟ, ಎಲ್ಲ ಕಡೆಯೂ ‘ಯಾವ ಕ್ಲಾಸು, ಎಷ್ಟು ಮಾರ್ಕ್ಸು’ ಎಂಬ ಅದೇ ಪ್ರಶ್ನೆ. ಉತ್ತರ ಹೇಳಿ ಮುಗಿದ ಕೂಡಲೇ ಮಗು ಮೂಲೆ ಹಿಡಿದು ಮೊಬೈಲ್ ತೆಗೆಯುತ್ತದೆ. ತಪ್ಪು ಮಗುವಿನದಷ್ಟೇ ಅಲ್ಲ. ಆ ಮನೆಯಲ್ಲಿ ಅದಕ್ಕೆ ಮಾಡಲು ಏನೂ ಇರುವುದಿಲ್ಲ.

ಕೆಲಸ ಕೊಟ್ಟು ನೋಡಿ. ಚಿತ್ರದುರ್ಗ ಜಿಲ್ಲೆಯ ಒಂದು ದಿನದ ದಾರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಬೆಂಗಳೂರಿನಿಂದ ಪುಣೆ ಹೆದ್ದಾರಿಯಲ್ಲಿ ಹಿರಿಯೂರಿಗೆ ಸುಮಾರು 160 ಕಿಲೋಮೀಟರ್. ಅಲ್ಲಿಂದ ನೇರ ಹೋದರೆ ಚಿತ್ರದುರ್ಗ ಇನ್ನು 40 ಕಿಲೋಮೀಟರ್ ಮಾತ್ರ. ಆದರೆ ನೆಂಟರು ಹೆದ್ದಾರಿಯ ಪಕ್ಕದಲ್ಲೇ ಸಾಲಾಗಿ ಮನೆ ಮಾಡಿಕೊಂಡಿರುವುದಿಲ್ಲವಲ್ಲ! ವಾಣಿವಿಲಾಸಪುರ, ಹೊಸದುರ್ಗ, ಹೊಳಲ್ಕೆರೆ ಸುತ್ತಿಕೊಂಡು ದುರ್ಗ ಸೇರಿದರೆ ಅದೇ 40 ಕಿಲೋಮೀಟರ್ ನೂರನ್ನು ದಾಟುತ್ತದೆ. ಮಗುವಿನ ಕೈಯಲ್ಲಿ ಜಿಲ್ಲೆಯ ನಕ್ಷೆ, ಒಂದು ನೋಟ್‌ಬುಕ್ ಇರಲಿ. ಎಷ್ಟು ಹೊತ್ತಿಗೆ ಎಲ್ಲಿಗೆ ತಲುಪಬಹುದೆಂಬ ಲೆಕ್ಕ ಅದರ ಪಾಲಿಗೆ ಬಿಡಿ.

ಇದೇ ಸೀಮೆಯನ್ನು 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಹಾದುಹೋಗಿದ್ದ. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಮದರಾಸಿನಿಂದ ಹೊರಟು, ಮೈಸೂರು, ಕೆನರಾ, ಮಲಬಾರ್ ಪ್ರಾಂತಗಳನ್ನು ಸುತ್ತಿದ ಅವನು ತಂಗಿದ ಕಡೆಯಲ್ಲೆಲ್ಲ ಮಣ್ಣು ಎಂಥದು, ಬೆಳೆ ಯಾವುದು, ನೀರು ಎಲ್ಲಿಂದ ಎಂದು ಜನರನ್ನೇ ವಿಚಾರಿಸಿ ಬರೆದುಕೊಂಡ. 1807ರಲ್ಲಿ ಅದು ಮೂರು ಸಂಪುಟಗಳಾಗಿ ಅಚ್ಚಾಯಿತು. ಅವನಿಗೆ ಇಲ್ಲಿ ನೆಂಟರಿರಲಿಲ್ಲ. ನಮ್ಮ ಮಕ್ಕಳಿಗೆ ಇದ್ದಾರೆ. ಅವನು ಕೇಳಿದಂಥ ಪ್ರಶ್ನೆಗಳನ್ನು ಅವರು ಇನ್ನೂ ಸುಲಭವಾಗಿ ಕೇಳಬಲ್ಲರು.

ಹಿರಿಯೂರಿನ ಮನೆಯಲ್ಲಿ ಬೆಳಗಿನ ತಿಂಡಿ ಎಂದಿಟ್ಟುಕೊಳ್ಳಿ. ಅಲ್ಲಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ವಾಣಿವಿಲಾಸ ಸಾಗರ. ಹಿರಿಯರ ಬಾಯಲ್ಲಿ ಇಂದಿಗೂ ಅದು ಮಾರಿಕಣಿವೆ. ಬಾಬಾಬುಡನ್‌ಗಿರಿಯ ಕಡೆಯಿಂದ ಬರುವ ವೇದಾವತಿಗೆ ಎರಡು ಗುಡ್ಡಗಳ ನಡುವೆ ಕಟ್ಟಿದ ಕಲ್ಲಿನ ಅಣೆಕಟ್ಟು ಇದು. ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಕನ್ನಂಬಾಡಿಗೆ ಕೈ ಹಾಕುವುದಕ್ಕೂ ಮೊದಲಿನ ಮಾತು. ಹಿಡಿಯುವ ನೀರು ಸುಮಾರು 30 ಟಿಎಂಸಿ. ಆದರೆ ಮಳೆ ಕಡಿಮೆಯ ಈ ನಾಡಿನಲ್ಲಿ ತುಂಬುವುದು ಅಪರೂಪ. 1933ರಲ್ಲಿ ಕೋಡಿ ಹರಿದದ್ದು ಬಿಟ್ಟರೆ ಮತ್ತೆ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ! ನಡುವೆ 89 ವರ್ಷ. ಮೊದಲ ಕೋಡಿಯನ್ನು ಹತ್ತು ವರ್ಷದ ಹುಡುಗನಾಗಿ ಕಂಡವನು ಎರಡನೆಯದನ್ನು ಕಾಣಲು 99 ವರ್ಷ ಬದುಕಿರಬೇಕಿತ್ತು. ಅಪ್ಪ ಅಮ್ಮ, ಹೆಚ್ಚಿನ ಮನೆಗಳಲ್ಲಿ ಅಜ್ಜ ಅಜ್ಜಿಯೂ ಕಾಣದಿದ್ದುದನ್ನು ಮೊಮ್ಮಕ್ಕಳು ಕಂಡರು. ಅದಕ್ಕೆ ಕೆಲವೇ ವರ್ಷಗಳ ಹಿಂದೆ, 2017ರಲ್ಲಿ, ಇದೇ ಜಲಾಶಯ ತಳ ಕಂಡಿತ್ತು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಭದ್ರಾ ನದಿಯ ನೀರನ್ನು ಮೇಲೆತ್ತಿ ಇತ್ತ ಹರಿಸಲು ತೊಡಗಿದ್ದೂ ಇದಕ್ಕೆ ಒಂದು ಕಾರಣ.

ಹಿರಿಯೂರಿನ ನೆಂಟರು ಈ ಕಥೆಯನ್ನು ಸಂಭ್ರಮದಿಂದಲೇ ಹೇಳಿಯಾರು. ಅವರ ತೆಂಗಿನ ತೋಟದ ನಾಲೆಗೆ ನೀರು ಬರುವುದು ಅಲ್ಲಿಂದ. ಆದರೆ ಮಧ್ಯಾಹ್ನದ ಊಟಕ್ಕೆ ಹೊಸದುರ್ಗದ ಕಡೆ, ಹಿನ್ನೀರಿನ ಸಮೀಪದ ಹಳ್ಳಿಗೆ ಹೋದರೆ ಕಥೆ ಬೇರೆ. 2022ರಲ್ಲಿ ಅಲ್ಲಿನ ಕೆಲವು ಹಳ್ಳಿಗಳಲ್ಲಿ ತೋಟ, ಮನೆಗಳಿಗೆ ನೀರು ನುಗ್ಗಿತು. ಕೆಳಗಿನ ಊರು ಬಾಗಿನ ಕೊಟ್ಟ ನೀರೇ ಮೇಲಿನ ಊರಿನ ಫಸಲನ್ನು ನುಂಗಿತು. ಎರಡೂ ಮನೆಯವರು ಹೇಳುವುದು ನಿಜ. ಒಂದೇ ದಿನ ಎರಡನ್ನೂ ಕೇಳಿದ ಮಗುವಿಗೆ ಅಣೆಕಟ್ಟೆಂದರೇನು ಎಂಬುದು ಸಮಾಜ ಪಾಠದ ಎರಡು ಅಂಕದ ಉತ್ತರಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಯಾರ ಪರ ಎಂದು ಅದನ್ನು ಅವಸರಪಡಿಸಬೇಡಿ. ಎರಡೂ ಕಡೆಯ ಮಾತನ್ನು ಒಂದೇ ಪುಟದಲ್ಲಿ ಎದುರುಬದುರಾಗಿ ಬರೆದುಕೊಳ್ಳಲಿ, ಸಾಕು.

ಹೊಸದುರ್ಗದಿಂದ ಹೊಳಲ್ಕೆರೆಯ ಕಡೆಗೆ ತಿರುಗಿದಾಗ ಕಿಟಕಿಯಾಚೆ ನೋಡುವಂತೆ ಹೇಳಿ. ಕುರುಚಲು ಗುಡ್ಡ, ಗಾಳಿಯಂತ್ರಗಳ ಸಾಲು ಹಿಂದಾಗಿ, ಅಡಿಕೆ, ತೆಂಗು ಹೆಚ್ಚುತ್ತವೆ. ಒಂದೇ ಜಿಲ್ಲೆಯಲ್ಲಿ ಬರ ಮತ್ತು ಹಸಿರು ಇಷ್ಟು ಹತ್ತಿರ ಏಕೆ ಎಂಬ ಪ್ರಶ್ನೆ ಸಂಜೆಯ ಕಾಫಿಗೆ ಆಗುತ್ತದೆ. ಹೊಳಲ್ಕೆರೆಯ ಬಯಲು ಗಣಪತಿಗೆ ಕೈ ಮುಗಿದು ಹೊರಟರೆ ದೀಪ ಹಚ್ಚುವ ಹೊತ್ತಿಗೆ ದುರ್ಗ.

ಕೋಟೆಯನ್ನು ಮರುದಿನ ಬೆಳಗಿಗೆ ಇಟ್ಟುಕೊಳ್ಳುವುದು ಮೇಲು. ದಣಿದ ಮಕ್ಕಳನ್ನು ಏಳು ಸುತ್ತು ಹತ್ತಿಸಬಾರದು. ಒನಕೆ ಓಬವ್ವ, ಮದಕರಿ ನಾಯಕರ ಕಥೆ ಅವರಿಗೆ ಗೊತ್ತೇ ಇರುತ್ತದೆ. ಜತೆಗೆ ನೀರಿನ ಕಥೆಯನ್ನೂ ತೋರಿಸಿ. ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ, ಅಕ್ಕತಂಗಿಯರ ಹೊಂಡಕ್ಕೆ ಇಳಿದು, ಮುಂದೆ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡಗಳನ್ನು ಸೇರುವಂತೆ ಹಿಂದಿನವರು ಏರ್ಪಾಟು ಮಾಡಿದ್ದರು. ಹಿಂದಿನ ದಿನ ಕೇಳಿದ ನೀರಿನ ಮಾತುಗಳಿಗೆ ಇದು ಒಳ್ಳೆಯ ಜೋಡಿ.

ಪಾಲಕರು ಪಾಲಿಸಬೇಕಾದ ಎರಡು ಮೂರು ನಿಯಮಗಳುಂಟು. ದಿನಕ್ಕೆ ಮೂರು ಮನೆಗಿಂತ ಹೆಚ್ಚು ಬೇಡ. ಅವಸರದಲ್ಲಿ ಹೋದ ಮನೆಯಲ್ಲಿ ಗೋಡೆ ಗಡಿಯಾರ ನೋಡುವುದೇ ಆಗುತ್ತದೆ. ಅಂಕಗಳ ಹೋಲಿಕೆ ಬೇಡವೇ ಬೇಡ. ಎಲ್ಲರನ್ನೂ ‘ಅಂಕಲ್’, ‘ಆಂಟಿ’ ಎಂದು ಕರೆಸಬೇಡಿ. ದೊಡ್ಡಪ್ಪ, ಚಿಕ್ಕಮ್ಮ, ಸೋದರಮಾವ, ಅತ್ತೆ ಎಂಬ ಒಂದೊಂದು ಮಾತಿನಲ್ಲೂ ಯಾರ ಮಗಳು ಯಾವ ಊರಿಗೆ ಹೋದಳು ಎಂಬ ಸಂಗತಿ ಅಡಗಿದೆ. ದಾರಿಯಲ್ಲೇ ವಂಶವೃಕ್ಷ ಬರೆಸಿದರೆ ಮಗು ಮನೆಯೊಳಗೆ ಹೋಗುವಾಗ ಅಪರಿಚಿತನಂತೆ ಹೋಗುವುದಿಲ್ಲ.

ಮಕ್ಕಳೇ, ಪ್ರತಿ ಮನೆಯಲ್ಲೂ ಎಲ್ಲರಿಗಿಂತ ಹಿರಿಯರನ್ನು ಹುಡುಕಿ ಪಕ್ಕದಲ್ಲಿ ಕುಳಿತುಕೊಳ್ಳಿ. ‘ನೀವು ಚಿಕ್ಕವರಿದ್ದಾಗ ಮನೆಗೆ ನೀರು ಎಲ್ಲಿಂದ ತರುತ್ತಿದ್ದಿರಿ?’ ಎಂದಷ್ಟೇ ಕೇಳಿ. ಉತ್ತರ ಉದ್ದವಾಗಿ ಬಂದರೆ ತಡೆಯಬೇಡಿ. ಹೇಳಿದವರ ಹೆಸರು, ಊರು, ತಾರೀಖು ಹಾಕಿ ಬರೆದಿಡಿ. 1933ರ ಕೋಡಿಯನ್ನು ಕಣ್ಣಾರೆ ಕಂಡವರು ಎಷ್ಟೋ ಮನೆಗಳ ಜಗಲಿಯಲ್ಲಿ ಕುಳಿತಿದ್ದ ಕಾಲವೊಂದಿತ್ತು. ಅವರನ್ನು ಕೇಳಿ ಬರೆದಿಟ್ಟವರು ಎಷ್ಟು ಮಂದಿ? 2022ರದನ್ನು ಕಂಡವರು ಈಗ ಇದ್ದಾರೆ. ಈ ರಜೆಯಲ್ಲೇ ಕೇಳಿ.