ಲೋಡು ಕೆಟ್ಟರೆ ದಂಡ ಯಾರಿಗೆ?

ಬೆಳಿಗ್ಗೆ ಏಳರ ಹೊತ್ತಿಗೆ ಹೊಸಕೋಟೆ, ನೆಲಮಂಗಲ, ಆನೇಕಲ್ ಕಡೆಯ ದೊಡ್ಡ ಗೋದಾಮುಗಳ ಮುಂದೆ ನಿಂತವರಿಗೆ ಒಂದು ಜಗಳ ತಪ್ಪದೆ ಕೇಳಿಸುತ್ತದೆ. ಗಾಡಿಯ ಹಿಂಬಾಗಿಲು ತೆರೆದು ಡ್ರೈವರ್ ಕೂಗುತ್ತಾನೆ: ‘ಹಿಂಗೆ ತುಂಬಿದ್ರೆ ನಾನು ಹೆಂಗಪ್ಪಾ ಇಳಿಸ್ಲಿ? ಮೊದಲನೇ ಅಂಗಡಿ ಮಾಲು ಒಳಗಡೆ ಮೂಲೇಲಿದೆ.’ ಲೋಡಿಂಗ್ ಹುಡುಗ ಬೆವರು ಒರೆಸಿಕೊಂಡು ಹೇಳುತ್ತಾನೆ: ‘ಬಂದಂಗೆ ತುಂಬಿದೀನಿ ಅಣ್ಣಾ, ನಂಗ್ಯಾರು ಹೇಳಿದ್ರು?’ ಅಷ್ಟರಲ್ಲಿ ಕೈಯಲ್ಲಿ ಪಟ್ಟಿ ಹಿಡಿದ ಸೂಪರ್‌ವೈಸರ್ ಬರುತ್ತಾನೆ. ಅವನದು ಒಂದೇ ಮಾತು: ‘ಟೈಮಾಯ್ತು, ಮೊದ್ಲು ಗಾಡಿ ಹೊರಗೆ ತೆಗೀರಿ.’

ಗಾಡಿ ಹೊರಡುತ್ತದೆ. ಜಗಳವೂ ಅದರ ಜೊತೆಗೇ ಹೊರಡುತ್ತದೆ.

ಆ ಗಾಡಿಯಲ್ಲಿ ಹತ್ತಾರು ಕಿರಾಣಿ ಅಂಗಡಿಗಳ ಮಾಲಿರುತ್ತದೆ. ಮೊದಲ ಅಂಗಡಿಯ ಮುಂದೆ ನಿಂತಾಗ ಬೇಕಾದ ಡಬ್ಬ ಸಿಗುವುದಿಲ್ಲ. ಎಣ್ಣೆ ಟಿನ್ನು ಕೆಳಗಿಳಿಸಬೇಕು, ಸೋಪಿನ ಪೆಟ್ಟಿಗೆ ಪಕ್ಕಕ್ಕೆ ತಳ್ಳಬೇಕು, ಬಿಸ್ಕತ್ತಿನ ಬಾಕ್ಸುಗಳನ್ನು ರಸ್ತೆಯ ಅಂಚಿಗೆ ಇಟ್ಟು ಕಾಯಬೇಕು. ಹಿಂದೆ ನಿಂತ ಬಸ್ಸು ಹಾರನ್ ಹೊಡೆಯುತ್ತದೆ, ಟ್ರಾಫಿಕ್ ಪೊಲೀಸ್ ಫೋಟೊ ತೆಗೆಯುತ್ತಾರೆ. ಎಣ್ಣೆ ಟಿನ್ನಿನ ಕೆಳಗೆ ಸಿಕ್ಕ ಬಿಸ್ಕತ್ತು ಪುಡಿಯಾಗಿದ್ದರೆ ಅಂಗಡಿಯವರು ತೆಗೆದುಕೊಳ್ಳುವುದಿಲ್ಲ. ಸಂಜೆ ಗಾಡಿ ಮರಳಿದಾಗ ಆ ಡ್ಯಾಮೇಜ್ ಲೆಕ್ಕ ಎಷ್ಟೋ ಕಡೆ ಬೀಳುವುದು ಡ್ರೈವರ್ ಬಾಡಿಗೆಯ ಮೇಲೆ. ಪಾರ್ಕಿಂಗ್ ದಂಡವೂ ಅವನದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಈ ಜಗಳ ನೋಡಿದವರು ಹೇಳುವುದು ಎರಡೇ ಬಗೆಯ ಮಾತು. ಲೋಡಿಂಗ್ ಹುಡುಗರಿಗೆ ಶ್ರದ್ಧೆಯಿಲ್ಲ ಎನ್ನುವವರು ಕೆಲವರು, ಡ್ರೈವರುಗಳಿಗೆ ಸಿಟ್ಟು ಜಾಸ್ತಿ ಎನ್ನುವವರು ಉಳಿದವರು. ಗಾಡಿಗೆ ಮಾಲು ತುಂಬಲು ಎಷ್ಟು ನಿಮಿಷ ಕೊಡಲಾಗಿತ್ತು ಎಂದು ಯಾರೂ ಕೇಳುವುದಿಲ್ಲ. ಕೆಟ್ಟ ಲೋಡಿನ ಬೇರು ಇರುವುದು ಆ ನಿಮಿಷಗಳಲ್ಲಿ. ಅವನ್ನು ನಿಗದಿ ಮಾಡಿದವರು ಮಾತ್ರ ಗಾಡಿಯ ಹಿಂಬಾಗಿಲ ಬಳಿ ಎಂದೂ ಬಂದು ನಿಲ್ಲುವುದಿಲ್ಲ.

ಗಾಡಿ ತುಂಬುವುದು ಮೈಬಲದ ಕೆಲಸ ಎಂದುಕೊಂಡವರೇ ಹೆಚ್ಚು. ಅದು ವಿದ್ಯೆ. ಎತ್ತಿನ ಗಾಡಿಗೆ ಹೇರು ಹಾಕುತ್ತಿದ್ದ ರೈತರಿಗೆ ಮುಂಭಾರ, ಹಿಂಭಾರ ಎಂಬ ಎರಡು ಮಾತು ಚೆನ್ನಾಗಿ ಗೊತ್ತಿದ್ದವು. ಮುಂಭಾರವಾದರೆ ನೊಗ ಎತ್ತುಗಳ ಹೆಗಲನ್ನು ಒತ್ತಿ ಗಾಯ ಮಾಡುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ, ಏರು ದಾರಿಯಲ್ಲಿ ಎತ್ತುಗಳಿಗೆ ಉಸಿರು ಕಟ್ಟುತ್ತದೆ. ಹೇರು ಹಾಕಿದವನೇ ಗಾಡಿ ಹೊಡೆಯುತ್ತಿದ್ದುದರಿಂದ ತಪ್ಪು ಮಾಡಿದರೆ ಅರ್ಧ ಮೈಲಿಯೊಳಗೆ ಅವನಿಗೇ ಗೊತ್ತಾಗುತ್ತಿತ್ತು. ಈಗ ತುಂಬುವವನೊಬ್ಬ, ಓಡಿಸುವವನೊಬ್ಬ. ತುಂಬಿದವನಿಗೆ ತನ್ನ ಕೆಲಸದ ಫಲ ಕಣ್ಣಿಗೆ ಬೀಳುವುದೇ ಇಲ್ಲ.

ಲಾರಿಯಲ್ಲೂ ಲೆಕ್ಕ ಅದೇ. ಭಾರವೆಲ್ಲ ಹಿಂದೆ ಸರಿದರೆ ಮುಂದಿನ ಚಕ್ರಗಳಿಗೆ ನೆಲದ ಹಿಡಿತ ಕಡಿಮೆಯಾಗಿ ಸ್ಟಿಯರಿಂಗ್ ಹಗುರಾಗುತ್ತದೆ. ಒಂದು ಪಕ್ಕಕ್ಕೆ ವಾಲಿದರೆ ತಿರುವಿನಲ್ಲಿ ಗಾಡಿ ಮಗುಚಿಕೊಳ್ಳುತ್ತದೆ. ಯುರೋಪಿನ ಮಾನದಂಡದ ಪ್ರಕಾರ ಲಾರಿಯ ಸರಕನ್ನು ಬಿಗಿದಿರುವ ರೀತಿ ಮುಂದಿನ ದಿಕ್ಕಿಗೆ ಅದರ ತೂಕದ ಶೇ 80ರಷ್ಟು ಬಲವನ್ನೂ ಅಕ್ಕಪಕ್ಕಕ್ಕೆ ಶೇ 50ರಷ್ಟು ಬಲವನ್ನೂ ತಡೆಯಬೇಕು. ಅಂದರೆ ಒಂದು ಟನ್ ಕಬ್ಬಿಣವನ್ನು ಲಾರಿಯಲ್ಲಿಟ್ಟರೆ, ಜೋರಾಗಿ ಬ್ರೇಕ್ ಒತ್ತಿದಾಗ ಅದು ಎಂಟುನೂರು ಕಿಲೊ ಬಲದಿಂದ ಡ್ರೈವರ್ ಬೆನ್ನಿನತ್ತ ನುಗ್ಗಬಹುದು ಎಂದುಕೊಂಡೇ ಕಟ್ಟಬೇಕು. ಟಾರ್ಪಾಲು ಹೊದಿಸಿ ಮೇಲೊಂದು ನೈಲಾನ್ ಹಗ್ಗ ಎಳೆದರೆ ಅದು ಮಳೆಗೆ ಆದೀತು, ಬ್ರೇಕಿಗೆ ಆಗದು.

ರಸ್ತೆಗೂ ಇದರ ಪೆಟ್ಟು ಬೀಳುತ್ತದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ದೊಡ್ಡ ರಸ್ತೆ ಪರೀಕ್ಷೆಯಿಂದ ಎಂಜಿನಿಯರುಗಳಿಗೆ ಒಂದು ಸೂತ್ರ ಸಿಕ್ಕಿತು: ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರು ಪಟ್ಟು. ಒಟ್ಟು ತೂಕ ಕಾನೂನಿನ ಮಿತಿಯೊಳಗಿದ್ದರೂ ಎಲ್ಲವನ್ನೂ ಒಂದೇ ಅಚ್ಚಿನ ಮೇಲೆ ಪೇರಿಸಿದ ಲಾರಿ ರಸ್ತೆಯನ್ನು ಕಿತ್ತು ಹಾಕುತ್ತದೆ. ಭಾರತದಲ್ಲಿ ನಾಲ್ಕು ಟಯರಿನ ಒಂಟಿ ಅಚ್ಚಿನ ಮಿತಿಯನ್ನು 2018ರ ಜುಲೈನಲ್ಲಿ 10.2 ಟನ್‌ನಿಂದ 11.5 ಟನ್‌ಗೆ ಏರಿಸಲಾಯಿತು. ಸಾಗಣೆ ಅಗ್ಗವಾಗಲಿ ಎಂಬ ಉದ್ದೇಶ ಅದಕ್ಕಿತ್ತು. ಭಾರವನ್ನು ಹೇಗೆ ಹಂಚಬೇಕೆಂದು ಲೋಡಿಂಗ್ ಮಾಡುವವರಿಗೆ ಕಲಿಸುವ ಏರ್ಪಾಡು ಮಾತ್ರ ಜೊತೆಗೆ ಬರಲಿಲ್ಲ.

ಯಂತ್ರ ಬಂದರೆ ಇದೆಲ್ಲ ಸರಿಹೋಗುತ್ತದೆ ಎಂದು ನಂಬುವವರು ಅಮೆರಿಕದ ಯುಪಿಎಸ್ ಕಂಪನಿಯ ಕಡೆ ನೋಡಬಹುದು. 1907ರಲ್ಲಿ ಸಿಯಾಟಲ್‌ನಲ್ಲಿ ಶುರುವಾದ ಈ ಕಂಪನಿಯಲ್ಲಿ ಪೊಟ್ಟಣದ ಮೇಲೆ ಅಂಟಿಸುವ ಚೀಟಿಯೇ ಅದು ಯಾವ ವ್ಯಾನಿನ ಯಾವ ಅಟ್ಟದಲ್ಲಿ ಕೂರಬೇಕೆಂದು ಹೇಳುತ್ತದೆ. ಡ್ರೈವರ್ ಯಾವ ದಾರಿಯಲ್ಲಿ ಹೋಗಬೇಕೆಂದು ಕಂಪ್ಯೂಟರ್ ತೀರ್ಮಾನಿಸುತ್ತದೆ. ಆದರೂ ವ್ಯಾನು ತುಂಬುವವರು ಕತ್ತಲು ಹರಿಯುವ ಮೊದಲೇ ಬರುವ ಅರೆಕಾಲಿಕ ಕೆಲಸಗಾರರು. ಒಬ್ಬೊಬ್ಬರು ಹಲವು ವ್ಯಾನುಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕು. ಎದುರಿಗೆ ಬೆಲ್ಟು ಓಡುತ್ತಲೇ ಇರುತ್ತದೆ. ಪೊಟ್ಟಣಗಳು ಒಮ್ಮೆಲೇ ನುಗ್ಗಿದಾಗ ಚೀಟಿ ಓದಿ ಜಾಗ ಹುಡುಕಲು ಬಿಡುವಿಲ್ಲದೆ ಸಿಕ್ಕಲ್ಲಿ ಪೇರಿಸುತ್ತಾರೆ. ಬೆಳಿಗ್ಗೆ ಡ್ರೈವರ್ ಬಂದು ನೋಡಿದಾಗ ನಡುವಿನ ಓಣಿಯೇ ತುಂಬಿರುತ್ತದೆ. ಹೊಸಕೋಟೆಯ ಜಗಳ ಅಲ್ಲಿ ಇಂಗ್ಲಿಷಿನಲ್ಲಿ ನಡೆಯುತ್ತದೆ.

ಅಲ್ಲೊಂದು ವ್ಯತ್ಯಾಸವಿದೆ. ವ್ಯಾನು ತುಂಬುವವರೂ ಓಡಿಸುವವರೂ ಟೀಮ್‌ಸ್ಟರ್ಸ್ ಎಂಬ ಒಂದೇ ಸಂಘಕ್ಕೆ ಸೇರಿದವರು. 1997ರ ಆಗಸ್ಟ್‌ನಲ್ಲಿ ಸುಮಾರು 1,85,000 ಮಂದಿ ಹದಿನೈದು ದಿನ ಮುಷ್ಕರ ಹೂಡಿದಾಗ ಅವರ ದೊಡ್ಡ ಬೇಡಿಕೆಗಳಲ್ಲೊಂದು ಅರೆಕಾಲಿಕ ಕೆಲಸಗಳನ್ನು ಪೂರ್ಣಾವಧಿ ಮಾಡಬೇಕೆಂಬುದು. 10,000 ಪೂರ್ಣಾವಧಿ ಕೆಲಸಗಳಿಗೆ ಕಂಪನಿ ಒಪ್ಪಿತು. ಪೂರ್ಣಾವಧಿಯ ಡ್ರೈವರುಗಳು ಅರೆಕಾಲಿಕರ ಪರವಾಗಿ ಬೀದಿಗಿಳಿದ ಮುಷ್ಕರ ಅದು. 2023ರ ಒಪ್ಪಂದದಲ್ಲಿ ಅರೆಕಾಲಿಕರ ಕನಿಷ್ಠ ಕೂಲಿ ಗಂಟೆಗೆ 21 ಡಾಲರ್ ಆಯಿತು. ಸಂಘದವರು ಮಾಡಬೇಕಾದ ಕೆಲಸಕ್ಕೆ ಸೂಪರ್‌ವೈಸರ್‌ಗಳು ಕೈ ಹಾಕಬಾರದೆಂಬ ನಿಯಮವೂ ಒಪ್ಪಂದದಲ್ಲಿದೆ. ಮೇಲ್ನೋಟಕ್ಕೆ ಇದು ಹಟದಂತೆ ಕಾಣುತ್ತದೆ. ಆಳು ಸಾಲದಿದ್ದರೆ ಆಳು ಇಡಿ, ಸೂಪರ್‌ವೈಸರ್‌ನನ್ನು ಮೂಟೆ ಹೊರಲು ಹಚ್ಚಿ ಕೊರತೆ ಮುಚ್ಚಬೇಡಿ ಎಂಬ ನ್ಯಾಯ ಅದರೊಳಗಿದೆ.

ಸೂಪರ್‌ವೈಸರ್‌ನನ್ನು ಖಳನಾಯಕನನ್ನಾಗಿ ಮಾಡುವುದು ಸುಲಭ, ಆದರೆ ಅನ್ಯಾಯ. ಅವನೂ ತಿಂಗಳ ಸಂಬಳದವನೇ. ಇಷ್ಟು ಗಂಟೆಯೊಳಗೆ ಇಷ್ಟು ಗಾಡಿ ಗೇಟು ದಾಟಬೇಕೆಂಬುದು ಅವನಿಗೆ ಮೇಲಿನಿಂದ ಬರುವ ಲೆಕ್ಕ. ಬೆಂಗಳೂರಿನಲ್ಲಿ ದಟ್ಟಣೆಯ ಹೊತ್ತಿಗೆ ಭಾರಿ ಸರಕು ವಾಹನಗಳಿಗೆ ನಿರ್ಬಂಧವಿರುವುದರಿಂದ ಹತ್ತು ನಿಮಿಷ ತಡವಾದರೆ ಲಾರಿ ಹೊರವಲಯದಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ದೂರ ಹೋಗುವ ಲಾರಿಗೆ ಇ-ವೇ ಬಿಲ್ಲಿನ ಗಡಿಯಾರ ಬೇರೆ: 200 ಕಿಲೊಮೀಟರಿಗೆ ಒಂದು ದಿನ. ಗಾಡಿ ಗೇಟು ದಾಟಿದ ಹೊತ್ತು ಅವನ ಹೆಸರಿನ ಮುಂದೆ ದಾಖಲಾಗುತ್ತದೆ. ಅದೇ ಗಾಡಿ ಸಂಜೆ ಎಷ್ಟು ಒಡೆದ ಮಾಲು ಹೊತ್ತು ತಂತು ಎಂಬುದು ಬೇರೊಂದು ವಿಭಾಗದ ಪುಸ್ತಕಕ್ಕೆ ಹೋಗುತ್ತದೆ. ಈ ಎರಡು ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಗೋದಾಮಿನಲ್ಲಿ ಜಗಳ ಅರ್ಧಕ್ಕಿಳಿಯುತ್ತದೆ, ಏಕೆಂದರೆ ಮುಂಜಾನೆ ಉಳಿಸಿದ ಹತ್ತು ನಿಮಿಷಕ್ಕೆ ಸಂಜೆ ತೆತ್ತ ಬೆಲೆ ಎಷ್ಟೆಂದು ಆಗ ಎಲ್ಲರಿಗೂ ಕಾಣುತ್ತದೆ.

ಲೋಡಿಂಗ್ ಹುಡುಗರ ಪಾಡು ಇನ್ನೂ ಬೇರೆ. ಬೆಂಗಳೂರಿನ ಗೋದಾಮುಗಳಲ್ಲಿ ಈ ಕೆಲಸಕ್ಕೆ ನಿಂತವರಲ್ಲಿ ಕಲಬುರಗಿ, ರಾಯಚೂರು ಕಡೆಯವರೂ ಇದ್ದಾರೆ, ಒಡಿಶಾ, ಬಿಹಾರ, ಅಸ್ಸಾಮಿನಿಂದ ಬಂದವರೂ ಇದ್ದಾರೆ. ಗುತ್ತಿಗೆದಾರನ ಮೂಲಕ ಬಂದವರು, ಇಂದಿದ್ದವರು ನಾಳೆ ಇಲ್ಲ. ಮಂಡ್ಯದ ಡ್ರೈವರ್ ಕನ್ನಡದಲ್ಲಿ ಬೈದದ್ದು ಒಡಿಶಾದ ಹುಡುಗನಿಗೆ ತಿಳಿಯುವುದು ಸ್ವರದಿಂದ ಮಾತ್ರ. ಡಬ್ಬದ ಮೇಲಿನ ಬರಹ ಇಂಗ್ಲಿಷಿನಲ್ಲಿ. ಕೊನೆಗೆ ಇಳಿಯುವುದು ಮೊದಲು ಹತ್ತಬೇಕೆಂಬ ಸರಳ ನಿಯಮ ಪಾಲಿಸಲಿಕ್ಕೂ ಅಂಗಡಿಗಳ ಸರದಿ ಅವನ ಕೈಗೆ ಸಿಗಬೇಕು. ಎಷ್ಟೋ ಕಡೆ ಆ ಪಟ್ಟಿ ಇರುವುದು ಡ್ರೈವರ್ ಮೊಬೈಲಿನಲ್ಲಿ, ಅದೂ ಗಾಡಿ ತುಂಬಿದ ಮೇಲೆ. ಪ್ರತಿ ಅಂಗಡಿಗೊಂದು ಬಣ್ಣದ ಚೀಟಿ ಅಥವಾ ಸೀಮೆಸುಣ್ಣದಲ್ಲಿ ಬರೆದ ದೊಡ್ಡ ಅಂಕಿಯಿದ್ದರೆ ಯಾವ ಭಾಷೆಯವನಾದರೂ ಸರಿಯಾಗಿ ತುಂಬಬಲ್ಲ. ಇದಕ್ಕೆ ಖರ್ಚಿಲ್ಲ, ಒಬ್ಬರು ಅರ್ಧ ಗಂಟೆ ಮೊದಲು ಕೂತು ಪಟ್ಟಿ ಮಾಡಬೇಕಷ್ಟೆ.

ಎಪಿಎಂಸಿ ಹಮಾಲಿಗಳಿಗೆ ಚೀಲದ ಲೆಕ್ಕದಲ್ಲಿ ಕೂಲಿ. ಬೇಗ ಎತ್ತಿದಷ್ಟೂ ಹೆಚ್ಚು ದುಡ್ಡು, ಸರಿಯಾಗಿ ಜೋಡಿಸಿದ್ದಕ್ಕೆ ಪೈಸೆ ಇಲ್ಲ. ಸೊಂಟ ಹೋದರೆ ಕೂಲಿಯೂ ಹೋಯಿತು. ಪಕ್ಕದ ಮಹಾರಾಷ್ಟ್ರ 1969ರಲ್ಲೇ ಮಾಥಾಡಿ ಕಾಯ್ದೆ ತಂದಿತು. ಅಲ್ಲಿ ಹಮಾಲಿಯೂ ವರ್ತಕನೂ ಮಂಡಳಿಯಲ್ಲಿ ನೋಂದಣಿಯಾಗುತ್ತಾರೆ, ಕೂಲಿಯ ಮೇಲೆ ವರ್ತಕ ಕಟ್ಟುವ ಲೆವಿಯಿಂದ ಭವಿಷ್ಯ ನಿಧಿ, ಗ್ರಾಚ್ಯುಟಿಗಳು ನಡೆಯುತ್ತವೆ. ಕೇರಳ 1978ರಲ್ಲಿ ತಲೆಹೊರೆ ಕಾರ್ಮಿಕರ ಕಾಯ್ದೆ ಮಾಡಿತು. ಆ ಕಾಯ್ದೆಗಳಲ್ಲಿ ಕುಂದುಗಳಿಲ್ಲವೆಂದಲ್ಲ. ಕೇರಳದಲ್ಲಿ ಕೆಲಸ ಮಾಡದೆ ನೋಡುತ್ತ ನಿಂತದ್ದಕ್ಕೂ ಕೂಲಿ ಕೇಳುವ ‘ನೋಕ್ಕುಕೂಲಿ’ ಬೆಳೆದು, 2018ರಲ್ಲಿ ಸರ್ಕಾರ ಅದನ್ನು ನಿಷೇಧಿಸಬೇಕಾಯಿತು. ಆದರೂ ಹೊರುವವನಿಗೆ ಹೆಸರು, ಪುಸ್ತಕ, ಉಳಿತಾಯ ಇರಬೇಕೆಂಬ ಮೂಲ ತತ್ವ ಸರಿಯಾದದ್ದು. ಕರ್ನಾಟಕದಲ್ಲಿ ಹಮಾಲಿಗಳಿಗೆ ಇರುವುದು ಅಸಂಘಟಿತ ಕಾರ್ಮಿಕರ ಮಂಡಳಿಯ ‘ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ’ದಂಥ ನೆರವು. 2025ರಲ್ಲಿ ಬಂದ ಗಿಗ್ ಕಾರ್ಮಿಕರ ಕಾಯ್ದೆ ಆ್ಯಪ್ ಮೂಲಕ ಮನೆಬಾಗಿಲಿಗೆ ತಲುಪಿಸುವವರಿಗೆ ಆಸರೆ ಕೊಟ್ಟಿತು. ಅದೇ ಮಾಲನ್ನು ಗೋದಾಮಿನಲ್ಲಿ ಗುತ್ತಿಗೆದಾರನ ಕೆಳಗೆ ಎತ್ತಿಟ್ಟವನು ಅದರ ಹೊರಗೇ ಉಳಿದ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ ಮಿತಿ ಮೀರಿದ ಭಾರಕ್ಕೆ 20,000 ರೂಪಾಯಿ ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000. ಹೆಚ್ಚಿನ ಮಾಲು ಇಳಿಸುವವರೆಗೆ ಗಾಡಿ ಕದಲಬಾರದು. ಸರಕು ಗಾಡಿಯ ಒಡಲಿನಿಂದ ಹೊರಚಾಚಿದ್ದರೂ 20,000. 2019ರ ಸೆಪ್ಟೆಂಬರ್‌ನಿಂದ ಈ ಮೊತ್ತಗಳು ಕಾಯ್ದೆಯಲ್ಲಿವೆ. ಕಬ್ಬಿಣದ ಸರಳು ಹಿಂದಕ್ಕೆ ಒಂದು ಮೀಟರಿನಷ್ಟು ಚಾಚಬಹುದೆಂಬ ರಿಯಾಯಿತಿಯನ್ನು 2014ರಲ್ಲೇ ತೆಗೆದುಹಾಕಲಾಗಿದೆ. ಆದರೂ ತುದಿಗೆ ಕೆಂಪು ಬಟ್ಟೆ ಕಟ್ಟಿಕೊಂಡ ಸರಳುಗಳು ಪ್ರತಿ ಊರಿನ ಪ್ರತಿ ರಸ್ತೆಯಲ್ಲೂ ಕಾಣುತ್ತವೆ. ಹಾಗೆ ಕಳಿಸಿದ ಅಂಗಡಿಯ ಹೆಸರು ಬಿಲ್ಲಿನಲ್ಲಿರುತ್ತದೆ. ದಂಡದ ಚೀಟಿ ಬರೆಯುವುದು ಮಾತ್ರ ಗಾಡಿಯ ನಂಬರಿಗೆ.

ಆಸ್ಟ್ರೇಲಿಯಾದ ಬಹುಪಾಲು ರಾಜ್ಯಗಳು 2014ರಲ್ಲಿ ಜಾರಿಗೆ ತಂದ ಭಾರಿ ವಾಹನಗಳ ಕಾನೂನು ಬೇರೆ ದಾರಿ ಹಿಡಿಯಿತು. ಲಾರಿಯ ಭಾರ ತಪ್ಪಿದರೆ, ಸರಕು ಜಾರಿದರೆ ಡ್ರೈವರ್ ಒಬ್ಬನೇ ಹೊಣೆಗಾರನಲ್ಲ. ಮಾಲು ಕಳಿಸಿದವರು, ವೇಳಾಪಟ್ಟಿ ಮಾಡಿದವರು, ಕಟ್ಟು ಕಟ್ಟಿದವರು, ತುಂಬಿದವರು, ತುಂಬಿಸುವುದರ ಮೇಲುಸ್ತುವಾರಿ ವಹಿಸಿದವರು ಎಲ್ಲರೂ ತಮ್ಮ ಪಾಲಿನ ಕೆಲಸಕ್ಕೆ ಉತ್ತರ ಕೊಡಬೇಕು. 2018ರಲ್ಲಿ ಈ ಹೊಣೆಯನ್ನು ಇನ್ನಷ್ಟು ಬಿಗಿ ಮಾಡಲಾಯಿತು. ಡ್ರೈವರ್ ವೇಗಮಿತಿ ಮೀರಲೇಬೇಕಾದಂಥ ವೇಳಾಪಟ್ಟಿ ಬರೆಯುವುದೂ ಅಲ್ಲಿ ಅಪರಾಧವಾಗಬಹುದು. ನಿಮಿಷ ನಿಗದಿ ಮಾಡುವವರನ್ನು ಕಾನೂನು ಗಾಡಿಯ ಹಿಂಬಾಗಿಲ ಬಳಿ ತಂದು ನಿಲ್ಲಿಸುವುದು ಹೀಗೆ.

ನಮ್ಮಲ್ಲಿ ಹಾಗೆ ತಂದು ನಿಲ್ಲಿಸುವವರಿಲ್ಲ. 2025ರ ಜನವರಿ 22ರ ಮುಂಜಾನೆ ಸವಣೂರಿನಿಂದ ಕುಮಟಾದ ಸಂತೆಗೆ ಹಣ್ಣು ತರಕಾರಿ ಹೊತ್ತು ಹೊರಟಿದ್ದ ಲಾರಿ ಯಲ್ಲಾಪುರ ತಾಲ್ಲೂಕಿನಲ್ಲಿ ಕಂದಕಕ್ಕೆ ಉರುಳಿ ಹತ್ತು ಮಂದಿ ಸತ್ತರು. ಎದುರಿನ ವಾಹನಕ್ಕೆ ದಾರಿ ಬಿಡಲು ಹೋಗಿ ಲಾರಿ ಅಂಚಿಗೆ ಸರಿಯಿತು ಎಂದು ವರದಿಯಾಯಿತು. ಸತ್ತವರು ಆ ಮಾಲಿನ ಜೊತೆಗೇ ಹೊರಟಿದ್ದ ವ್ಯಾಪಾರಿಗಳು. ಸಂತೆಗೆ ಮಾಲೂ ತಾವೂ ಹೊತ್ತಿಗೆ ಸರಿಯಾಗಿ ತಲುಪಲು ಅವರಿಗೆ ಬೇರೆ ಅಗ್ಗದ ದಾರಿ ಇರಲಿಲ್ಲ. ಸರಕು ಲಾರಿಯಲ್ಲಿ ಜನ ಕೂರಬಾರದೆಂಬ ನಿಯಮ ಆಗಲೂ ಪುಸ್ತಕದಲ್ಲಿತ್ತು. ಅಂಥ ರಾತ್ರಿ ಪಯಣಗಳು ನಮ್ಮ ಘಟ್ಟಗಳಲ್ಲಿ ಹೊಸವೇನೂ ಅಲ್ಲ. ಹೊರಡುವ ಜಾಗದಲ್ಲಿ ಯಾರೂ ತಡೆಯದ ಲಾರಿಯನ್ನು ತಿರುವು ತಡೆಯುತ್ತದೆಂದು ನಂಬಿ ಕೂರಲಾಗದು.

ರಾಜ್ಯ ಸರ್ಕಾರ ಆಸ್ಟ್ರೇಲಿಯಾದಂಥ ಹೊಸ ಕಾಯ್ದೆಗಾಗಿ ಕಾಯಬೇಕಿಲ್ಲ. 194ನೇ ಕಲಂ ವಾಹನ ಓಡಿಸಿದವರನ್ನಷ್ಟೇ ಹೇಳುವುದಿಲ್ಲ, ಹಾಗೆ ಓಡಿಸುವಂತೆ ಮಾಡಿದವರನ್ನೂ ಓಡಿಸಲು ಬಿಟ್ಟವರನ್ನೂ ಹೇಳುತ್ತದೆ. ಆ ಮಾತುಗಳು ಕಾಯ್ದೆಯಲ್ಲಿ ಮೊದಲಿನಿಂದಲೂ ಇವೆ. ಸಾರಿಗೆ ಅಧಿಕಾರಿಗಳು ಮುಂದಿನ ತಪಾಸಣೆಯಲ್ಲಿ ಲಾರಿಯ ಬಿಲ್ಲು ತಿರುಗಿಸಿ ನೋಡಲಿ, ಮಾಲು ಕಳಿಸಿದವರ ಹೆಸರಿಗೂ ಒಂದು ನೋಟಿಸ್ ಬರೆಯಲಿ.